ಮುನ್ನೂರು ತಾಸಿನ ಪ್ಲಗ್ಗು

ಕಲ್ಲೋಳಿಯ ಭೀಮರಾಯನ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಒಂದು ಹಳದಿ ಬಲ್ಬ್ ಇತ್ತು. ಗಿರಣಿ ನಡೆಯುವಷ್ಟು ಹೊತ್ತೂ ಅದು ಉರಿಯುತ್ತಿರಬೇಕು, ಒಮ್ಮೆ ಕಣ್ಣು ಮಿಟುಕಿಸಿದರೂ ಮಾಲಿಂಗನ ನೌಕರಿ ಹೋದ ಹಾಗೆ. ಒಬ್ಬ ಮನುಷ್ಯನ ಅನ್ನವನ್ನು ಇಷ್ಟು ಸಣ್ಣ ವಸ್ತುವಿಗೆ ಕಟ್ಟಿಹಾಕಬಾರದು. ಆದರೆ ಕಟ್ಟಿದವನು ಮಾಲಿಂಗನೇ ಆಗಿದ್ದರಿಂದ ಯಾರನ್ನೂ ದೂರುವಂತಿರಲಿಲ್ಲ.

ಮಾಲಿಂಗ ಗೋಕಾಕದಲ್ಲಿ ರಾಚಪ್ಪನವರ ಪ್ಲಗ್ಗು ಸಾಕೆಟ್ಟಿನ ಸಣ್ಣ ಕಾರ್ಖಾನೆಗೆ ದಿನಾ ಬೈಕಿನ ಮೇಲೆ ಹೋಗಿಬರುತ್ತಿದ್ದ. ಅಲ್ಲಿಯ ಪ್ಲಗ್ಗುಗಳು ಮನೆಯ ಗೋಡೆಯಲ್ಲಿ ಮರ್ಯಾದೆಯಿಂದ ಇರುತ್ತಿದ್ದವು. ನಡುಗುವ ಯಂತ್ರಕ್ಕೆ ಹಾಕಿದರೆ ಮಾತ್ರ ತಿಂಗಳೊಳಗೆ ಕರಕಲಾಗುತ್ತಿದ್ದವು. ಪಿನ್ನನ್ನು ಹಿಡಿಯುವ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ನಡುಗಿ ನಡುಗಿ ಸವೆದು ಹಿಡಿತ ಬಿಡುತ್ತಿತ್ತು, ಆಮೇಲೆ ಕಿಡಿ, ಆಮೇಲೆ ಹೊಗೆ. ಮಾಲಿಂಗ ಎರಡು ವರ್ಷ ತಲೆ ಕೆಡಿಸಿಕೊಂಡು ಹೊಸ ಹಿಡಿತ ಮಾಡಿದ್ದ. ಒಂದು ಪಟ್ಟಿಯ ಬದಲು ನಾಲ್ಕು ಸಣ್ಣ ಬೆರಳು, ಅವುಗಳ ಸುತ್ತ ಒಂದು ಬಿಗಿಯಾದ ಉಕ್ಕಿನ ಬಳೆ. ಒಂದು ಬೆರಳು ಅಲುಗಿ ಬಿಟ್ಟರೂ ಉಳಿದ ಮೂರು ಬಿಡುವುದಿಲ್ಲ.

ಕೊಲ್ಲಾಪುರದ ಕಂಪನಿಯೊಂದು ತನ್ನ ಕಬ್ಬಿನ ಗಾಣದ ಮೋಟಾರುಗಳಿಗೆ ಇದನ್ನು ಕೊಳ್ಳಲು ಒಪ್ಪಿತ್ತು. ಷರತ್ತು ಎರಡೇ: ನಡುಗುವ ಯಂತ್ರದ ಮೇಲೆ ಮುನ್ನೂರು ತಾಸು ನಿಲ್ಲಬೇಕು, ಅಷ್ಟರಲ್ಲಿ ಒಮ್ಮೆಯೂ ಪ್ಲಗ್ಗನ್ನು ಕೀಳಬಾರದು. ಪರೀಕ್ಷೆ ಮಾಡುವ ಯಂತ್ರ ತರಿಸೋಣ ಎಂದು ಮಾಲಿಂಗ ಕೇಳಿದಾಗ ರಾಚಪ್ಪನವರು ಒಪ್ಪಲಿಲ್ಲ.

"ಎರಡ ವರ್ಷ ನಿನ್ನ ಬೆರಳು ನೋಡೇನಿ. ಈ ಸಲ ಆಗಲಿಲ್ಲಂದ್ರ ನೀ ಬ್ಯಾರೆ ಕಡೆ ಕೆಲಸ ನೋಡಕೋ," ಅಂದರು.

ಹಾಗಾಗಿ ಸಾಕೆಟ್ಟು ಭೀಮರಾಯನ ಗಿರಣಿಯ ಚೌಕಟ್ಟಿಗೆ ಬೋಲ್ಟಾಯಿತು. ಅದರೊಳಗೆ ಪ್ಲಗ್ಗು, ಪ್ಲಗ್ಗಿನಿಂದ ಗೋಡೆಯ ಬಲ್ಬಿಗೆ ವೈರು. ಆ ಗಿರಣಿ ಶುರುವಾದರೆ ಪಕ್ಕದ ಮನೆಯ ಮಾಡದಲ್ಲಿಟ್ಟ ಲೋಟ ತಾನಾಗಿ ನಡೆದು ಕೆಳಗೆ ಬೀಳುತ್ತಿತ್ತು. ಅದಕ್ಕಿಂತ ಒಳ್ಳೆಯ ಯಂತ್ರ ಕೊಲ್ಲಾಪುರದಲ್ಲೂ ಇರಲಿಲ್ಲ. ಮಾಲಿಂಗ ಕೆಲಸಕ್ಕೆ ಹೋದಾಗ ಬಲ್ಬ್ ಕಾಯುವ ಹೊಣೆಯನ್ನು ಭೀಮರಾಯನ ತಾಯಿ ಫಕೀರವ್ವ ತಾನಾಗಿ ಹೊತ್ತುಕೊಂಡಳು. ಎಂಬತ್ತು ದಾಟಿದ ಜೀವ, ಗಿರಣಿಯ ಬಾಗಿಲಲ್ಲಿ ಕೌದಿ ಹಾಸಿಕೊಂಡು ಕೂತು ಸಂಜೆ ಅವನು ಬಂದ ಕೂಡಲೇ ವರದಿ ಒಪ್ಪಿಸುತ್ತಿದ್ದಳು: "ಆರಿಲ್ಲೋ ತಮ್ಮಾ, ಹತ್ತೇ ಐತಿ."

ಇನ್ನೂರಾ ತೊಂಬತ್ತೈದು ತಾಸು ಮುಗಿದವು. ಸೋಮವಾರ ಐದು ತಾಸು ಗಿರಣಿ ನಡೆದರೆ ಸಾಕು, ನಾಲ್ಕು ಗಂಟೆಗೆ ಕಂಪನಿಯ ಇಂಜಿನಿಯರು ಬಂದು ನೋಡಿ ಸಹಿ ಹಾಕುತ್ತಾನೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಫಕೀರವ್ವ ತೀರಿಕೊಂಡಳು.

ಸುದ್ದಿ ಕೇಳಿ ಮಾಲಿಂಗನಿಗೆ ನಿಜವಾಗಿಯೂ ದುಃಖವಾಯಿತು. ದುಃಖದ ಬೆನ್ನಿಗೇ, ಇವತ್ತು ಗಿರಣಿ ಬಂದ್ ಎಂಬ ಯೋಚನೆ ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ರಾಚಪ್ಪನವರಿಗೆ ಫೋನು ಮಾಡಿದ.

"ಸಾಹೇಬ್ರ, ಗಿರಣಿ ಮನಿ ಆಯಿ ಹೋಗ್ಯಾಳ್ರಿ. ನಾಳೆ ಇಟ್ಟಕೊಂಡ್ರ ಆಗೂದಿಲ್ಲೇನ್ರಿ?"

"ಪ್ಲಗ್ಗು ಹೆಂಗ ಐತಿ?"

"ಪ್ಲಗ್ಗು ಚಲೋ ಐತ್ರಿ."

"ಮತ್ತೇನ," ಎಂದು ರಾಚಪ್ಪನವರು ಫೋನು ಇಟ್ಟರು.

ಭೀಮರಾಯನ ಅಂಗಳದಲ್ಲಿ ಫಕೀರವ್ವನನ್ನು ಗೋಡೆಗಾನಿಸಿ ಕೂರಿಸಿದ್ದರು. ಹಣೆಗೆ ಭಂಡಾರ, ಕೊರಳಿಗೆ ಹೂವು. ಹುಕ್ಕೇರಿಗೆ ಕೊಟ್ಟ ಮಗಳು ಪಾರವ್ವ ತನ್ನ ಕಡೆಯ ಮಂದಿಯೊಂದಿಗೆ ಬಂದ ಮೇಲೆಯೇ ಮಣ್ಣು. ಮಾಲಿಂಗ ಕೈಮುಗಿದು, ಒಂದು ಗಳಿಗೆ ಕೂತು, ಗಿರಣಿಯ ಕಡೆ ಎರಡು ಸಲ ನೋಡಿದ. ಎದುರುಮನೆಯ ಅಲ್ಲವ್ವ ಅದನ್ನು ನೋಡಿದಳು. ಊರಿನಲ್ಲಿ ಯಾರ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದು ಅವಳ ಖಾತೆ.

"ಏನ ನೋಡತಿ? ಸತ್ತ ಮನ್ಯಾಗ ಒಲಿ ಹತ್ತಬಾರದು, ಗಿರಣಿ ತಿರಗಬಾರದು."

"ಹೌದ ಚಿಗವ್ವಾ. ಆದ್ರ ಹುಕ್ಕೇರಿಯಿಂದ ಐವತ್ತ ಮಂದಿ ಬರತಾರ. ಓಣ್ಯಾವ್ರ ರೊಟ್ಟಿ ಬಡೀಬೇಕು. ಹಿಟ್ಟು ಎಲ್ಲೈತಿ?"

ಅಲ್ಲವ್ವ ಯೋಚಿಸಿದಳು. ಶಾಸ್ತ್ರ ಒಂದು ಕಡೆ, ಐವತ್ತು ಮಂದಿಯ ರೊಟ್ಟಿ ಇನ್ನೊಂದು ಕಡೆ. ಬೀಸುವ ದುಡ್ಡನ್ನು ತಾನೇ ಕೊಡುತ್ತೇನೆ ಎಂದು ಮಾಲಿಂಗ ಸೇರಿಸಿದಾಗ ಶಾಸ್ತ್ರ ಸ್ವಲ್ಪ ಸರಿದು ಜಾಗ ಬಿಟ್ಟಿತು. "ಮಣ್ಣಿಗೆ ಬಂದಾವ್ರ ಹಿಟ್ಟಿಗೆ ದೋಷ ಇಲ್ಲ," ಎಂದು ಅವಳೇ ಹೋಗಿ ಭೀಮರಾಯನ ಕಿವಿಯಲ್ಲಿ ಹೇಳಿದಳು. ತಲೆ ಮೇಲೆ ಕೈಹೊತ್ತು ಕೂತಿದ್ದ ಭೀಮರಾಯ ಹೂಂ ಅಂದ. ಆ ಹೊತ್ತಿನಲ್ಲಿ ಅವನನ್ನು ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದ.

ಹತ್ತೂವರೆಗೆ ಗಿರಣಿ ಶುರುವಾಯಿತು. ಬಲ್ಬ್ ಹತ್ತಿತು. ಹೆಣವೂ ಗೋಡೆಯ ಜೊತೆ ಸಣ್ಣಗೆ ನಡುಗತೊಡಗಿತು. ಇಬ್ಬರು ಹೆಣ್ಣುಮಕ್ಕಳು ಅತ್ತಿತ್ತ ಕೂತು ಅದನ್ನು ಹಿಡಿದುಕೊಂಡರು.

ರೊಟ್ಟಿಯ ಹಿಟ್ಟು ಒಂದೇ ತಾಸಿನಲ್ಲಿ ಮುಗಿಯಿತು. ಖಾಲಿ ಓಡಿಸಿದರೆ ಕಲ್ಲಿಗೆ ಕಲ್ಲು ತಾಗಿ ಗಿರಣಿ ಹಾಳು. ಮಾಲಿಂಗ ಓಣಿಯ ಮನೆಮನೆಗೆ ಓಡಿ, ಜೋಳ ಕೊಡಿ, ಗೋಧಿ ಕೊಡಿ, ಪುಕ್ಕಟೆ ಬೀಸಿ ಕೊಡುತ್ತೇನೆ ಎಂದು ಅಂಗಲಾಚಿದ. ಪುಕ್ಕಟೆ ಎಂಬ ಮಾತು ಅವನಿಗಿಂತ ಮುಂದೆ ಓಡಿತು. ಅತ್ತ ಅಂಗಳದಲ್ಲಿ ಹೆಣದ ಮುಂದೆ ಭಜನೆ, ಇತ್ತ ಗಿರಣಿಯ ಮುಂದೆ ಡಬ್ಬಿಗಳ ಸಾಲು. ಕೆಲವರು ಎರಡೂ ಕಡೆ ನಿಂತಿದ್ದರು. ಸಾಲು ತಪ್ಪೀತೆಂದು ಡಬ್ಬಿ ಇಟ್ಟು, ಹೋಗಿ ಅತ್ತು, ಮತ್ತೆ ಬಂದು ನಿಲ್ಲುತ್ತಿದ್ದರು.

ಒಂದು ಗಂಟೆಯ ಹೊತ್ತಿಗೆ ಕಾಳೆಲ್ಲ ಮುಗಿದು ಕೊನೆಗೆ ಉಳಿದದ್ದು ಅಲ್ಲವ್ವನ ಒಂದು ಚೀಲ ಒಣ ಮೆಣಸಿನಕಾಯಿ. ಬೇಡ ಅನ್ನುವ ಸ್ಥಿತಿಯಲ್ಲಿ ಮಾಲಿಂಗ ಇರಲಿಲ್ಲ. ಸುರಿದ.

ಘಾಟು ಮೊದಲು ಭಜನೆಯವರನ್ನು ಹಿಡಿಯಿತು. ತಾಳ ನಿಂತು ಕೆಮ್ಮು ಶುರುವಾಯಿತು. ಬೆಳಗಿನಿಂದ ಕಣ್ಣಲ್ಲಿ ಒಂದು ಹನಿ ಬಾರದೆ ನಾಚಿಕೊಂಡಿದ್ದ ದೂರದ ನೆಂಟರೆಲ್ಲ ಗೊಳೋ ಎಂದು ಕಣ್ಣೀರು ಸುರಿಸಿದರು. ಹುಕ್ಕೇರಿಯ ಟೆಂಪೋ ಬಂದು ನಿಂತದ್ದು ಆಗಲೇ. ಪಾರವ್ವ ಇಳಿದು, ಮೂಗು ಕಣ್ಣು ಒರೆಸಿಕೊಳ್ಳುತ್ತಿದ್ದ ಇಡೀ ಓಣಿಯನ್ನು ನೋಡಿ ಎದೆ ಬಡಿದುಕೊಂಡಳು.

"ಯವ್ವಾ, ನಿನಗ ಇಷ್ಟ ಮಂದಿ ಜೀವಾ ಬಿಡತಿದ್ರೇನ. ನಾನಾ ಬಂದ ನೋಡಲಿಲ್ಲಲ್ಲ."

ಅವಳ ಅಳು ಖರೇ ಅಳು. ಅದನ್ನು ಕೇಳಿ ಮಾಲಿಂಗನಿಗೆ ನಾಚಿಕೆಯಿಂದ ಕುಗ್ಗಿಹೋಗುವಂತಾಯಿತು. ಆದರೂ ಕೈ ಮೆಣಸಿನಕಾಯಿ ಸುರಿಯುತ್ತಲೇ ಇತ್ತು, ಕಣ್ಣು ಬಲ್ಬಿನ ಮೇಲೇ ಇತ್ತು.

ಅಷ್ಟರಲ್ಲಿ ಊರಿನ ವೈರ್‌ಮನ್ ಬಾಳೇಶ ಬಾಗಿಲಲ್ಲಿ ಬಂದು ನಿಂತ. "ಮಾಲಿಂಗ, ಆ ಬಲ್ಬಿಂದ ಒಂದ ಮಾತ ಹೇಳೂದೈತಿ."

"ಆಮ್ಯಾಲೆ ಹೇಳಪಾ, ಈಗ ಆಗೂದಿಲ್ಲ."

"ಸಣ್ಣ ಮಾತ."

"ಸಣ್ಣದಿದ್ರ ಆಮ್ಯಾಲೆ ಹೇಳು," ಎಂದು ಮಾಲಿಂಗ ತನ್ನ ಮನೆಯ ಗೋಧಿ ಚೀಲ ತರಲು ಓಡಿದ.

ಎರಡೂವರೆಗೆ ಹೆಣ ಎತ್ತಿದರು. ಭೀಮರಾಯ ಗಿರಣಿಯೊಳಗೆ ಬಂದು ನಿಂತ. ಕಣ್ಣು ಕೆಂಪಗಿದ್ದವು.

"ಬಾ. ಹೆಗಲು ಕೊಡು. ಆಯಿ ನಿನ್ನ ಮೊಮ್ಮಗನ ಅಂತಿದ್ಳು."

ಇನ್ನೊಂದು ತಾಸು ಬಾಕಿ ಇತ್ತು. ಗಿರಣಿ ಬಿಟ್ಟು ಹೋದರೆ ಕಾಳು ತೀರಿ ಕಲ್ಲು ಹಾಳು, ನಿಲ್ಲಿಸಿ ಹೋದರೆ ನೌಕರಿ ಹಾಳು. "ನೀವ ನಡೀರಿ ಕಾಕಾ, ನಾ ಹಿಂದಿಂದ ಬರತೇನಿ," ಎಂದ. ಭೀಮರಾಯ ಅವನನ್ನೂ ಗಿರಣಿಯನ್ನೂ ನೋಡಿ ಹೊರಟುಹೋದ. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಓಣಿ ದಾಟಿ ಹೊಲದ ಕಡೆ ಹೋಗುವವರೆಗೂ ಮಾಲಿಂಗ ತಲೆ ಎತ್ತಲಿಲ್ಲ. ಆಯಿಗೆ ಒಂದು ಹಿಡಿ ಮಣ್ಣು ಹಾಕದ ಪಾಪಿ ಇಡೀ ಓಣಿಗೆ ತಾನೊಬ್ಬನೇ ಎಂದು ಅವನಿಗೆ ಗೊತ್ತಿತ್ತು.

ಮೂರೂವರೆಗೆ ಮುನ್ನೂರು ತಾಸು ತುಂಬಿತು. ಇಂಜಿನಿಯರಿಗೆ ತೋರಿಸಲೆಂದು ಮಾಲಿಂಗ ಗಿರಣಿಯನ್ನು ನಡೆಸುತ್ತಲೇ ಇದ್ದ. ಬಲ್ಬ್ ಉರಿಯುತ್ತಲೇ ಇತ್ತು.

ನಾಲ್ಕಕ್ಕೆ ರಾಚಪ್ಪನವರ ಕಾರು ಬಂತು. ಜೊತೆಗೆ ಇಂಜಿನಿಯರು ಶುಭಮ್, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಕೊಲ್ಲಾಪುರದವನಾದರೂ ತಾಯಿ ಈ ಕಡೆಯವಳಾದ್ದರಿಂದ ಕನ್ನಡ ಚೆನ್ನಾಗಿತ್ತು. ಗಿರಣಿಯ ಚೌಕಟ್ಟು ಮುಟ್ಟಿ ಅದರ ನಡುಕಕ್ಕೆ ಬೆರಗಾದ. ಬಲ್ಬ್ ನೋಡಿದ, ಮಾಲಿಂಗ ಬರೆದಿಟ್ಟ ವಹಿ ನೋಡಿದ.

"ಒಮ್ಮೆನೂ ಆರಿಲ್ಲ? ಭಾರೀ ಆತಲ್ರಿ. ಈಗ ಪ್ಲಗ್ ತಗೀರಿ, ಒಳಗ ಬೆರಳು ಎಷ್ಟ ಸವದಾವ ನೋಡೂಣು."

ರಾಚಪ್ಪನವರು ಎರಡು ವರ್ಷದಲ್ಲಿ ಮೊದಲ ಸಲ ಮಾಲಿಂಗನ ಬೆನ್ನ ಮೇಲೆ ಕೈ ಇಟ್ಟರು. ಮಾಲಿಂಗ ಪ್ಲಗ್ಗನ್ನು ಹಿಡಿದು ಎಳೆದ. ಬಿಗಿಯಾಗಿತ್ತು, ಹೆಮ್ಮೆ ಪಡುವಷ್ಟು ಬಿಗಿಯಾಗಿತ್ತು. ಕಾಲು ಊರಿ ಎಳೆದಾಗ ಕೈಗೆ ಬಂತು.

ಬಲ್ಬ್ ಉರಿಯುತ್ತಿತ್ತು.

ಮೂವರೂ ಬಲ್ಬನ್ನು ನೋಡಿದರು. ಆಮೇಲೆ ಮಾಲಿಂಗನ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದರು. ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದವರು ಆಗ ಅಂಗಳ ಸೇರುತ್ತಿದ್ದರು. ಅವರಲ್ಲಿದ್ದ ಬಾಳೇಶ ಒದ್ದೆ ಧೋತರದಲ್ಲೇ ಒಳಗೆ ಬಂದ.

"ಅದನ್ನ ಹೇಳಾಕ ಬಂದಿದ್ದೆ," ಅಂದ. "ಹದಿನೈದ ದಿವಸದ ಹಿಂದ ಬಲ್ಬ್ ಆರಿತ್ತು. ಆಯಿ ನನ್ನ ಕರದು ಗಿರಣಿ ನಿಲ್ಲಿಸಿದ್ಳು. ಹುಡುಗನ ನೌಕರಿ ಹೋಗತೈತಿ, ಅಂವ ಬರೂದ್ರಾಗ ಹಚ್ಚು, ಅಂವಗ ಮಾತ್ರ ಹೇಳಬ್ಯಾಡ ಅಂತ ಕೈ ಹಿಡದ ಅತ್ತಳು. ನಾ ಪ್ಲಗ್ಗು ತಪ್ಪಿಸಿ, ಸ್ವಿಚ್ಚಿನ ಹಲಗಿ ಹಿಂದ ವೈರಿಗೆ ವೈರು ನೆಟ್ಟಗ ಜೋಡಿಸಿದೆ."

ರಾಚಪ್ಪನವರ ಕೈ ಬೆನ್ನಿನಿಂದ ಇಳಿಯಿತು. ಮಾಲಿಂಗ ಹಿಟ್ಟಿನ ಚೀಲದ ಮೇಲೆ ಕೂತ. "ಅಂದ್ರ ನನ್ನ ಪ್ಲಗ್ಗು ಅವತ್ತ ಸತ್ತಿತ್ತು."

"ಪ್ಲಗ್ಗಿಗೆ ಏನಾಗಿತ್ತು?" ಎಂದ ಬಾಳೇಶ. "ವೈರು ಜೋಡಿಸಿದ ಮ್ಯಾಲೂ ಬಲ್ಬ್ ಹತ್ತಲಿಲ್ಲ. ಆಮ್ಯಾಲೆ ನೋಡಿದ್ರ ಬಲ್ಬ್ ಸುಟ್ಟಿತ್ತು. ಹೊಸಾದ ಹಾಕಿದೆ, ಹತ್ತಿತು. ಜೋಡಿಸಿದ್ದನ್ನ ಮತ್ತ ಯಾಕ ಬಿಚ್ಚೂದಂತ ಹಂಗ ಬಿಟ್ಟೆ."

ಶುಭಮ್ ಸಾಕೆಟ್ಟಿನೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. "ಬೆರಳು ಚಲೋ ಅದಾವ್ರಿ. ಕಪ್ಪಾಗಿಲ್ಲ. ಆದ್ರ ಹದಿನೈದ ದಿವಸ ಇದರಾಗ ಕರೆಂಟ ಹರದಿಲ್ಲ, ಈ ಪರೀಕ್ಷೆ ನಾ ಬರಕೊಳ್ಳಾಕ ಬರೂದಿಲ್ಲ." ಮಾಲಿಂಗನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. "ಇನ್ನೊಂದ ತಿಂಗಳು ಕೊಡತೇನಿ. ಇದ ಗಿರಣಿ, ಇದ ಪ್ಲಗ್. ನಾಳಿಂದ ಮತ್ತ ಶುರು ಮಾಡ್ರಿ."

ಆಗಲಿ ಎಂಬಂತೆ ರಾಚಪ್ಪನವರೂ ಗೊಣಗಿದರು. ಮಾಲಿಂಗನಿಗೆ ಹೋದ ಜೀವ ಬಂದ ಹಾಗಾಯಿತು. ಎದ್ದು ಬಾಗಿಲ ಕಡೆ ತಿರುಗಿದರೆ ಅಲ್ಲಿ ಭೀಮರಾಯ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಒದ್ದೆ ಧೋತರದಿಂದ ನೀರು ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನಮ್ಮವ್ವ ನಿನ್ನ ಸಲುವಾಗಿ ವೈರ್‌ಮನ್ ಕೈ ಹಿಡಿದ್ಳು," ಅಂದ ಮೆಲ್ಲಗೆ. "ನೀ ಆಕಿಗೆ ಒಂದ ಹಿಡಿ ಮಣ್ಣ ಹಾಕಲಿಲ್ಲ. ನಿನ್ನ ಸಾಮಾನು ಬಿಚ್ಚಕೊಂಡ ಹೋಗು. ಇನ್ನ ಈ ಗಿರಣಿ ಹೊಸ್ತಿಲ ತುಳೀಬ್ಯಾಡ."

ಮಾಲಿಂಗ ಪಾನಾ ತಂದು ಬೋಲ್ಟು ಸಡಿಲಿಸಿ ಸಾಕೆಟ್ಟು ತೆಗೆದ. ಅಷ್ಟರಲ್ಲಿ ಹೊರಗೆ ರಾಚಪ್ಪನವರ ಕಾರು ಶುರುವಾದ ಸದ್ದು ಕೇಳಿತು, ಅವನಿಗೆ ಕಾಯದೆ ಗೋಕಾಕದ ಕಡೆ ಹೋಯಿತು. ಅವನು ಬಲ್ಬಿಗೆ ಕೈ ಚಾಚಿದಾಗ ಭೀಮರಾಯ ತಡೆದ.

"ಅದ ಇರಲಿ. ಅದು ನಮ್ಮವ್ವ ಹಾಕಿಸಿದ್ದು."

ಮಾಲಿಂಗ ಪ್ಲಗ್ಗನ್ನು ಕಿಸೆಗೆ ಹಾಕಿಕೊಂಡು ಅಂಗಳಕ್ಕಿಳಿದ. ಒಮ್ಮೆ ತಿರುಗಿ ನೋಡಿದ. ಪ್ಲಗ್ಗೇ ಇಲ್ಲದೆ ಬಲ್ಬ್ ಚೆನ್ನಾಗಿಯೇ ಉರಿಯುತ್ತಿತ್ತು.