ಗೋವಾಕ್ಕಿಂತ ಮುಂಚೆ ಮಾರಿಕಣಿವೆ

ನಮ್ಮ ಸೋದರಮಾವನನ್ನು ದೂರದೂರಿನ ಮದುವೆಗೆ ಕರೆದೊಯ್ಯುವುದಕ್ಕಿಂತ, ಆ ದೂರದೂರನ್ನೇ ಮೂಟೆ ಕಟ್ಟಿ ಹೊಸದುರ್ಗಕ್ಕೆ ತಂದಿಳಿಸುವುದು ಸುಲಭ! ಇದು ಚಾಡಿ ಮಾತಲ್ಲ, ಅನುಭವಿಸಿದವಳ ಮಾತು. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯಲ್ಲೊಂದು ಮದುವೆ ನಿಶ್ಚಯಿಸಿ, ಅದನ್ನು ಸಮುದ್ರದ ದಂಡೆಯಲ್ಲಿ ಇಟ್ಟುಕೊಂಡು, ತಯಾರಿಯ ಉಸ್ತುವಾರಿಯನ್ನು ನಮ್ಮ ಮಾವನಿಗೆ ವಹಿಸಿ ನೋಡಿ. ಆಮೇಲೆ ನನ್ನನ್ನು ಬೈಯಬೇಡಿ.

ಮಾವ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗ, ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ. ಭೂಮಿ ಸೂರ್ಯನನ್ನು ಸುತ್ತಿದ ಹಾಗೆ ಇಡೀ ಆಯುಷ್ಯ ಅದೇ ದಾರಿ. ನಿವೃತ್ತರಾದಾಗ ಬಸ್ಸು ಡಿಪೋದಲ್ಲಿ ಉಳಿಯಿತು, ಚರ್ಮದ ಚೀಲವೂ ಡಿಪೋದಲ್ಲೇ ಉಳಿಯಿತು, ಸೀಟಿ ಮಾತ್ರ ಮಾವನ ಕೊರಳಲ್ಲೇ ಮನೆಗೆ ಬಂತು. ಈಗಲೂ ಹಬ್ಬದೂಟಕ್ಕೆ ಪಂಕ್ತಿಯಲ್ಲಿ ಕೂತವರಿಗೆ, "ಹಿಂದಕ್ಕೆ ಸರೀರಿ, ಹಿಂದ್ಗಡೆ ಇನ್ನೂ ಜಾಗ ಐತೆ!" ಎನ್ನುತ್ತಾರೆ. ಹಿಂದೆ ಇರುವುದು ಗೋಡೆ! ಎಲ್ಲರ ಎಲೆಗೂ ಪಾಯಸ ಬಿದ್ದ ಮೇಲೆ ಒಂದು ಸೀಟಿ. ಆಮೇಲೇ ನಾವು ಎಲೆಗೆ ಕೈ ಹಾಕಬೇಕು.

ಇಂಥವರಿಗೆ ನನ್ನ ಮಗಳ ಮದುವೆ ಗೋವಾದಲ್ಲಿ ಎಂದು ಹೇಳಬೇಕಾಯಿತಲ್ಲ! ಬೀಗರಿಗೆ ಸಮುದ್ರದೆದುರು ಧಾರೆ ಎರೆಸಿಕೊಳ್ಳುವ ಆಸೆ, ಮಗಳಿಗೂ ಅದೇ ಆಸೆ. ನಾನು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗಿ, ಮಾವನ ಮನೆಯ ಜಗಲಿಯಲ್ಲಿ ಕೂತು, ಅಂಜುತ್ತಂಜುತ್ತ ವಿಷಯ ತೆಗೆದೆ.

"ಡೆಸ್ಟಿನೇಷನ್ ವೆಡ್ಡಿಂಗ್ ಅಂತಾರೆ ಮಾವ ಅದಕ್ಕೆ."

ಮಾವ ಕನ್ನಡಕ ಸರಿಮಾಡಿಕೊಂಡರು. "ಡೆಸ್ಟಿನೇಷನ್ ಅಂದ್ರೆ ಲಾಸ್ಟ್ ಸ್ಟಾಪು. ಅಲ್ಲ ಕಣವ್ವ, ಯಾವ ಮದುವೆ ಲಾಸ್ಟ್ ಸ್ಟಾಪ್ ಅಲ್ಲ ಹೇಳು? ಒಂದ್ಸಲ ಬಂತು ಅಂದ್ರೆ ಎಲ್ಲ ಇಳೀಲೇಬೇಕು, ವಾಪಸ್ ಹತ್ತಾಕೆ ಆಗಾದಿಲ್ಲ!"

ಒಳಗಿನಿಂದ ಅತ್ತೆ ಕೆಮ್ಮಿದರು. ಅದು ನಗುವನ್ನು ನುಂಗಿಕೊಂಡ ಕೆಮ್ಮು.

ಅತ್ತೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅತ್ತೆ ನಕ್ಕರೆ ಮೊದಲು ಬೀದಿಗೆಲ್ಲ ಕೇಳಿಸುತ್ತಿತ್ತು. ಹೋದ ವರ್ಷದ ಹಿಂದಿನ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈ ಬಂತು, ಕಾಲು ಬಂತು, ಮಾತೂ ಬಂತು. ಬಾಯಿಯ ಎಡಗಡೆ ಮಾತ್ರ ಸ್ವಲ್ಪ ಕೆಳಗೇ ಉಳಿಯಿತು. ನಕ್ಕರೆ ಇಡೀ ಮುಖ ಒಂದು ಕಡೆಗೆ ಎಳೆಯುತ್ತದೆ. ಅಂದಿನಿಂದ ಅತ್ತೆ ನಗುವುದಿದ್ದರೆ ಸೆರಗು ಬಾಯಿಗೆ ಬರುತ್ತದೆ. ಮದುವೆ ಮುಂಜಿಗಳಿಗಂತೂ ಹೋಗುವುದನ್ನೇ ಬಿಟ್ಟರು. ನನ್ನ ಮಗಳು ಆಡಿ ಬೆಳೆದದ್ದು ಅವರ ಮಡಿಲಲ್ಲಿ. ಆದರೂ ಅವತ್ತೇ ಹೇಳಿಬಿಟ್ಟರು.

"ನಾ ಬರಾದಿಲ್ಲ ಕಣೇ. ಎಲ್ಲಿ ನೋಡಿದ್ರೂ ಕ್ಯಾಮೆರಾ ಇರ್ತಾವೆ. ವಿಡಿಯೋದಾಗೆ ಈ ಮುಖ ನೋಡಿ ಬೀಗರು ಏನಂದ್ಕಂಡಾರು?"

ಮಗಳಿಗೆ ಫೋನಿನಲ್ಲಿ ತಿಳಿಸಿದೆ. ಅವಳು, "ಅಜ್ಜಿ ಬರದಿದ್ರೆ ನಾನೂ ಹೋಗಲ್ಲ!" ಎಂದಳು. ಮದುಮಗಳು!

ಮಾವ ಎರಡು ಕಡೆಯ ಮಾತನ್ನೂ ಕೇಳಿಸಿಕೊಂಡು, "ತಯಾರಿ ಶುರು ಮಾಡಾಣ" ಎಂದು ಎದ್ದರು.

ತಯಾರಿ ಎಂದರೆ ಏನೆಂದುಕೊಂಡಿರಿ? ಮೊದಲ ಹೆಜ್ಜೆಯಾಗಿ ಗೋವಾದ ರೆಸಾರ್ಟಿಗೆ ಫೋನು. ಮಾವನ ಹಿಂದಿ ಡಿಪೋದ ಡ್ರೈವರ್ ಸಾಬರ ಹತ್ತಿರ ಕಲಿತದ್ದು. ಅದರಲ್ಲಿ ಅರ್ಧ ಉರ್ದು, ಅರ್ಧ ಗೇರ್ ಬದಲಿಸುವ ಸದ್ದು. ಬಿಸಿನೀರಿಗೆ ಹಂಡೆ ಇದೆಯೇ, ಮಜ್ಜಿಗೆ ಹುಳಿಯೋ ಸಿಹಿಯೋ, ಎಲ್ಲ ವಿಚಾರಿಸಿದರು. ಕೊನೆಗೆ ಸಮುದ್ರದ ನೀರು ದಂಡೆಗೆ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿಯೇಬಿಟ್ಟರು! ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೆ ಫೋನಿನ ಆಚೆಗಿದ್ದ ಆ ರೆಸಾರ್ಟಿನ ಪುಣ್ಯಾತ್ಮ ನಗಲಿಲ್ಲ. ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಸಾವಧಾನವಾಗಿ ವಿವರಿಸಿದ. ಮಾವ ಫೋನಿಟ್ಟು ಬೆರಗಿನಿಂದ ನನ್ನನ್ನು ನೋಡಿದರು.

"ದಿನಾ ಟೈಮಿಗೆ ಸರಿಯಾಗಿ ಬಂದು, ಟೈಮಿಗೆ ಸರಿಯಾಗಿ ಹೋಗ್ತದಂತೆ ಕಣವ್ವ! ಡ್ರೈವರ್ ಇಲ್ದಂಗೆ! ನಮ್ಮ ಡಿಪೋ ಮ್ಯಾನೇಜರ್ ಬದುಕಿದ್ದಿದ್ರೆ ತೋರ್ಸಬೋದಿತ್ತು."

ಆಮೇಲೆ ಬಟ್ಟೆಯ ಗಲಾಟೆ. ಬೀಗರ ಕಡೆಯಿಂದ ಒಂದು ಸಂದೇಶ ಬಂತು, ಸಂಜೆಯ ಕಾರ್ಯಕ್ರಮಕ್ಕೆ ಎಲ್ಲರೂ ಪೇಸ್ಟಲ್ ಬಣ್ಣ ಉಡಬೇಕಂತೆ. ಪೇಸ್ಟಲ್ ಎಂದರೆ ತಿಳಿ ಬಣ್ಣ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಮಾವ ಬಟ್ಟೆ ಅಂಗಡಿಯಲ್ಲಿ ಕೂತಾಗಿತ್ತು. ಅಲ್ಲಿ ಅವರು ಕೇಳಿದ್ದು "ಪೇಸ್ಟಿನ ಕಲರ್" ಶರಟು. ಅಂಗಡಿಯವರು ತಲೆ ಕೆರೆದುಕೊಂಡು, "ಯಾವ ಪೇಸ್ಟು ಸ್ವಾಮಿ?" ಎಂದಿದ್ದಾರೆ. ಮಾವ, "ಹಲ್ಲುಜ್ಜೋದು ಕಣಯ್ಯ, ಇನ್ಯಾವುದು!" ಎಂದಿದ್ದಾರೆ. ಸಂಜೆ ಮನೆಗೆ ಬಂದದ್ದು ಬಿಳಿಯ ಮೇಲೆ ಕೆಂಪು ಪಟ್ಟೆ ಪಟ್ಟೆ ಇರುವ ಶರಟು! ಅದನ್ನು ತೊಟ್ಟು ಮಾವ ಕನ್ನಡಿಯ ಮುಂದೆ ನಿಂತರೆ, ಯಾರಾದರೂ ಕಾಲ ಬುಡದಿಂದ ಹಿಂಡಿದರೆ ಬಾಯಿಂದ ನೊರೆ ಬರುತ್ತದೇನೋ ಅನ್ನಿಸುತ್ತಿತ್ತು. ಅತ್ತೆಗೂ ತಿಳಿಹಸಿರಿನದೊಂದು ಸೀರೆ ತಂದಿದ್ದರು. ಅತ್ತೆ ಅದನ್ನು ಬಿಚ್ಚಿಯೂ ನೋಡದೆ ಬೀರುವಿನೊಳಗೆ ಇಟ್ಟರು.

"ಬರಾದಿಲ್ಲ ಅಂದಿದ್ನಲ್ಲ."

"ಬಾ ಅಂತ ನಾನೆಲ್ಲಿ ಕರ್ದೆ? ಸೀರೆ ಚೆನ್ನಾಗಿತ್ತು, ತಂದೆ" ಎಂದರು ಮಾವ.

ಮುಂದಿನ ಭಾನುವಾರ ನಮ್ಮನ್ನೆಲ್ಲ ಹೊಸದುರ್ಗಕ್ಕೆ ಕರೆಸಿ ಗಾಡಿ ಹತ್ತುವ ಅಭ್ಯಾಸ ಮಾಡಿಸಿದರು. ಗಾಡಿ ಎಲ್ಲಿತ್ತು? ನಡುಮನೆಯಲ್ಲಿ ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳೇ ಗಾಡಿ! ಮದುಮಗಳಾಗಲಿರುವ ನನ್ನ ಮಗಳು, ನಾನು, ನನ್ನ ಗಂಡ ಬ್ಯಾಗುಗಳನ್ನು ಹೊತ್ತು ಅಡುಗೆಮನೆ ಬಾಗಿಲಿನಿಂದ ಹತ್ತಿ, ದೇವರಮನೆ ಬಾಗಿಲಿನಲ್ಲಿ ಇಳಿಯಬೇಕು.

"ವಾಂತಿ ಮಾಡೋರು ಯಾರ್ರಿ? ಕೈ ಎತ್ರಿ!"

ನನ್ನ ಗಂಡ ಪಾಪ, ಪ್ರಾಮಾಣಿಕ ಮನುಷ್ಯ. ಕೈ ಎತ್ತಿದರು. ಕೂಡಲೇ ಅವರನ್ನು ಕಿಟಕಿ ಪಕ್ಕದ ಕುರ್ಚಿಗೆ ವರ್ಗಾಯಿಸಿ, ಕೈಗೊಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರು ಕೊಟ್ಟು, ಮಾವ ಸೀಟಿ ಊದಿದರು. ಇನ್ನೂರು ಮೈಲಿಯ ದಾರಿಯ ವಾಂತಿಯನ್ನು ನಡುಮನೆಯಲ್ಲೇ ಊಹಿಸಿಕೊಂಡು ನನ್ನ ಗಂಡನ ಮುಖ ನಿಜವಾಗಿಯೂ ಬೆವರತೊಡಗಿತು. ಬಾಗಿಲ ಹತ್ತಿರ ಕೂತು ನೋಡುತ್ತಿದ್ದ ಅತ್ತೆಯ ಸೆರಗು ಬಾಯಿಗೆ ಏರಿತು. ಮಾವ ಅದನ್ನು ಓರೆಗಣ್ಣಿನಿಂದ ನೋಡಿದ್ದನ್ನು ನಾನು ನೋಡಿದೆ.

"ಇನ್ನು ಸಮುದ್ರದ ತರಬೇತಿ. ನಡೀರಿ ಮಾರಿಕಣಿವೆಗೆ ಹೋಗಾಣ" ಎಂದರು ಮಾವ.

"ಮಾರಿಕಣಿವೆ ಅಣೆಕಟ್ಟಿನಲ್ಲಿ ಸಮುದ್ರ ಎಲ್ಲಿದೆ ಮಾವ?" ಎಂದೆ.

"ನೀರು ಐತೋ ಇಲ್ವೋ? ಆಚೆ ದಡ ಕಾಣಾದಿಲ್ಲ ಅಂತ ಕಣ್ಮುಚ್ಕಂಡ್ರೆ ಸಮುದ್ರನೇ!" ಎಂದು, ಅತ್ತೆಯ ಕಡೆ ತಿರುಗಿ, "ನೀನು ಗೋವಾಕ್ಕೆ ಬರಾದು ಬ್ಯಾಡ. ಇಲ್ಲಿಗೆ ಬಾ ಸಾಕು. ಚಪ್ಪಲಿ ಕಾಯಾಕೆ ಒಬ್ರು ಬೇಕು" ಎಂದರು.

ಚಪ್ಪಲಿ ಕಾಯಲು ಕ್ಯಾಮೆರಾ ಬರುವುದಿಲ್ಲವಲ್ಲ! ಅತ್ತೆ ಹೊರಟರು.

ಹಿನ್ನೀರಿನ ದಂಡೆಯಲ್ಲಿ ಬಿಸಿಲು ಇಳಿಯುತ್ತಿತ್ತು. ಕುರಿ ಮೇಯಿಸುವವನೊಬ್ಬ ಕೋಲಿಗೆ ಗದ್ದ ಊರಿ ನಮ್ಮನ್ನು ನೋಡುತ್ತಾ ನಿಂತಿದ್ದ. ಅತ್ತೆ ಒಂದು ಕಲ್ಲಿನ ಮೇಲೆ ನಮ್ಮ ಚಪ್ಪಲಿಗಳ ನಡುವೆ ಕೂತರು. ನಾನು ಮತ್ತು ಮಗಳು ರೇಷ್ಮೆ ಸೀರೆಯಲ್ಲಿ! ಯಾಕೆಂದರೆ ರೇಷ್ಮೆ ಉಟ್ಟು ಅಲೆಗೆ ಹೇಗೆ ನಿಲ್ಲಬೇಕು ಎಂಬುದೇ ಅವತ್ತಿನ ಪಾಠ. ಆದರೆ ಅಲೆ ಎಲ್ಲಿ? ಹಿನ್ನೀರು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಅಲ್ಲಾಡದೆ ಮಲಗಿತ್ತು. ಮಾವನಿಗೆ ಇದೂ ಒಂದು ತೊಂದರೆಯೇ? ನಾವು ಬಂದಿದ್ದ ಗಾಡಿಯಿಂದ ಬಕೆಟ್ ತೆಗೆದು ನನ್ನ ಗಂಡನ ಕೈಗಿತ್ತರು. ಬ್ಯಾಂಕಿನಲ್ಲಿ ಯಾವ ಬಡ್ತಿಯೂ ಸಿಗದ ನನ್ನ ಗಂಡ ಆ ಸಂಜೆ ಅಲೆಯಾಗಿ ನೇಮಕಗೊಂಡರು!

"ಎಲ್ಲ ಇತ್ಲಾಗೆ ನೋಡ್ರಿ" ಎಂದು ಮಾವ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದರು. "ಅಲೆ ಬಂತು ಅಂದ್ರೆ ಹೆದ್ರಬಾರ್ದು. ಡ್ರೈವರ್ ಬ್ರೇಕ್ ಹಾಕ್ದ ಅಂತ ತಿಳ್ಕಳ್ರಿ. ಹಿಮ್ಮಡಿ ಊರ್ಬೇಕು, ಸೊಂಟ ಬಿಡ್ಬೇಕು, ಅಷ್ಟೆ. ಕಂಬಿ ಹಿಡೀದೆ ಹೊಯ್ದಾಡೋ ಬಸ್ಸಾಗೆ ಟಿಕೆಟ್ ಹರ್ದಿರೋ ಕಾಲು ಇವು. ಯಾವ ಸಮುದ್ರನೂ ಅಲ್ಲಾಡ್ಸಾಕೆ ಆಗಾದಿಲ್ಲ! ಬಿಡ್ರಿ ಅಳಿಯಂದ್ರೇ, ಅಲೆ ಬಿಡ್ರಿ!"

ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎದೆ ಸೆಟೆಸಿ ನಿಂತರು.

ನನ್ನ ಗಂಡ ಬಕೆಟ್ ತುಂಬಿಕೊಂಡರು. ಬೆಳಗ್ಗೆಯಿಂದ ನಿಂಬೆಹಣ್ಣು ಹಿಡಿದು ಕೂತ ಸಿಟ್ಟೋ, ಬಡ್ತಿ ಸಿಕ್ಕ ಉತ್ಸಾಹವೋ, ದೇವರೇ ಬಲ್ಲ. ಅಷ್ಟೂ ನೀರನ್ನು ಒಂದೇ ಸಲಕ್ಕೆ ಮಾವನ ಎದೆಗೆ ಬೀಸಿದರು. ಮಾವನ ಹಿಮ್ಮಡಿ ಊರಿತು. ಆದರೆ ಊರಿದ್ದು ಕೆಸರಿನಲ್ಲಿ. ಸರ್ಕಾರಿ ಬಸ್ಸು ಅಲ್ಲಾಡಿಸಲಾರದ ಆ ಕಾಲುಗಳು ಎರಡೂ ಒಟ್ಟಿಗೆ ಮೇಲೆ ಬಂದವು! ಮಾವ ಸೊಂಟದವರೆಗೆ ನೀರಿನಲ್ಲಿ ಕೂತುಬಿಟ್ಟರು. ಅವರು ಬೀಳುವಾಗ ಬಾಯಲ್ಲಿದ್ದ ಸೀಟಿ ಒಮ್ಮೆ ಪೀ ಎಂದದ್ದಲ್ಲದೆ, ಕೂತ ಮೇಲೂ ಅವರು ಉಸಿರು ಬಿಟ್ಟಾಗಲೆಲ್ಲ ಪೀ, ಪೀ ಎನ್ನುತ್ತಿತ್ತು. ಕುರಿಗಳು ಕಿವಿ ನಿಮಿರಿಸಿ ತಿರುಗಿ ನೋಡಿದವು.

ಆಗ ನಮ್ಮ ಹಿಂದಿನಿಂದ ಒಂದು ನಗು ಎದ್ದಿತು.

ಎಷ್ಟೋ ಕಾಲದಿಂದ ಕೇಳದ ನಗು. ಬೀದಿಗೆಲ್ಲ ಕೇಳುತ್ತಿದ್ದ ಅದೇ ನಗು. ಅತ್ತೆ ಕಲ್ಲಿನ ಮೇಲೆ ಹಿಂದಕ್ಕೆ ಮುಂದಕ್ಕೆ ತೂಗಾಡುತ್ತ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೆರಗು ತೊಡೆಯ ಮೇಲೆ ಬಿದ್ದಿತ್ತು. ಮುಖವೆಲ್ಲ ಒಂದು ಕಡೆಗೆ ಎಳೆದಿತ್ತು. ಅದರ ನೆನಪೇ ಅವರಿಗೆ ಇರಲಿಲ್ಲ. ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಒಮ್ಮೆ ಕದ್ದು ನೋಡಿದ್ದೇ ಸಾಕು, ಮತ್ತೆ ತಿರುಗಿದರೆ ಎಲ್ಲಿ ಆ ನಗು ನಿಂತುಬಿಡುತ್ತದೋ ಎಂದು ನಾವಿಬ್ಬರೂ ಕಣ್ಣು ಕೀಳದೆ ನೀರನ್ನೇ ನೋಡುತ್ತ ನಿಂತೆವು.

ಮಾವ ಮಾತ್ರ ನೋಡುತ್ತಿದ್ದರು. ಕೆಸರಿನಲ್ಲಿ ಕೂತು, ಏಳಬೇಕೆಂಬ ನೆನಪೂ ಇಲ್ಲದೆ, ಸೀಟಿಯನ್ನು ಬಾಯಿಂದ ಮೆಲ್ಲಗೆ ತೆಗೆದು ಅತ್ತೆಯನ್ನೇ ನೋಡುತ್ತಿದ್ದರು.

"ಲೇ," ಎಂದರು, "ಇನ್ನೊಂದ್ ಸಲ ಬೀಳ್ಲೇನೆ?"

ಅತ್ತೆ ಕಣ್ಣೊರೆಸಿಕೊಂಡರು. ಉಸಿರು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಸಾಕು, ಏಳ್ರಿ. ಇನ್ನೊಂದ್ ಸಲ ಗೋವಾದಾಗೆ ಬೀಳೀರಂತೆ. ನೋಡಾಕೆ ನಾನೂ ಬರ್ತೀನಿ."

ನನ್ನ ಗಂಡ ಕೈ ಚಾಚಿದರು. ಮಾವ ಅದನ್ನು ಹಿಡಿಯಲಿಲ್ಲ. ಆ ಕಡೆಗೆ ತಿರುಗಿ, ಬೊಗಸೆ ಬೊಗಸೆ ನೀರೆತ್ತಿ ಮುಖ ತೊಳೆಯತೊಡಗಿದರು. ಕೆಸರಾಗಿದ್ದದ್ದು ಪಂಚೆ. ಮಾವ ಮುಖ ತೊಳೆಯುತ್ತಲೇ ಇದ್ದರು.