ಹಂಡೆಯೊಳಗಿನ ಧ್ರುವಸಾಗರ

ಹೊಳೆನರಸೀಪುರದಲ್ಲಿ ಧ್ರುವದ ಮಂಜುಗಡ್ಡೆಯ ವಿಷಯ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ತಿಳಿಯಬೇಕೆಂದವರೂ ಇರಲಿಲ್ಲ, ಆ ಮಾತು ಬೇರೆ! ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮದುವೆಗೆ ಮುಂಚಿನಿಂದ ಮುಂದೂಡುತ್ತ ಬಂದ ಡಾಕ್ಟರೇಟನ್ನು ನಿವೃತ್ತಿಯೊಳಗೆ ಮುಗಿಸಿಯೇ ತೀರುತ್ತೇನೆಂದು ತೊಂಬತ್ತರ ದಶಕದ ಕೊನೆಯಲ್ಲಿ ಹಟ ಹಿಡಿದು ಕೂತರು.

ಯಾರೂ ಏನೂ ಮಾಡದಿದ್ದರೂ ಹವಾಮಾನ ತನ್ನಷ್ಟಕ್ಕೆ ತಾನೇ ಏರುಪೇರಾಗುತ್ತದಲ್ಲ, ಅದರಲ್ಲಿ ಸಮುದ್ರದ ಮೇಲಿನ ಮಂಜುಗಡ್ಡೆಯ ಕೈವಾಡ ಎಷ್ಟು? ಇದೇ ಅವರ ಸಂಶೋಧನೆಯ ಪ್ರಶ್ನೆ. "ಮಂಜುಗಡ್ಡೆ ಅಂದ್ರೆ ಮುಚ್ಚಳ ಕಣೋ. ತೆಗೆದ್ರೆ ಸಮುದ್ರದ ಬಿಸಿಯೇ ಮೇಲಿನ ಗಾಳೀನ ಹದ್ದುಬಸ್ತಲ್ಲಿ ಇಡುತ್ತೆ. ಮುಚ್ಚಿದ್ರೆ ಗಾಳಿಗೆ ಹೇಳೋರು ಕೇಳೋರು ಇಲ್ಲ," ಎನ್ನುತ್ತಿದ್ದರು. ಇಡೀ ಭೂಮಿಯನ್ನು ನಾಲ್ಕೈದು ಸಮೀಕರಣಗಳಲ್ಲಿ ಹಿಡಿಯುವ ಸಾಹಸ ಇವರದು.

ಲೆಕ್ಕಕ್ಕೆ ಮೊದಲು ಕಣ್ಣಿಗೆ ಕಾಣಬೇಡವೆ? ಬಚ್ಚಲುಮನೆಯ ತಾಮ್ರದ ಹಂಡೆಗೆ ಉಪ್ಪುನೀರು ತುಂಬಿ, ಸೋಡಾ ಅಂಗಡಿಯ ಐಸು ತೇಲಿಬಿಟ್ಟು, ಥರ್ಮಾಮೀಟರ್ ಇಳಿಬಿಟ್ಟರು. ಒಲೆ ಹಚ್ಚುವಂತಿಲ್ಲ, ಧ್ರುವ ಕರಗಿಹೋಗುತ್ತದೆ! ಮನೆಮಂದಿಯೆಲ್ಲ ತಣ್ಣೀರಿಗೆ ಇಳಿದೆವು. ಅಷ್ಟರಲ್ಲಿ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಚಿಕ್ಕಮ್ಮ ವರ್ಷದ ಪದ್ಧತಿಯಂತೆ ಹಂಡೆ ಬರಿದು ಮಾಡಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸನೀರು ತುಂಬಿ, ಕಂಠಕ್ಕೆ ಹಾಗಲಬಳ್ಳಿ ಸುತ್ತಿ ಪೂಜೆಯನ್ನೂ ಮುಗಿಸಿಬಿಟ್ಟರು.

"ನನ್ನ ಸಮುದ್ರ ಎಲ್ಲೇ?"

"ಬಾಳೆಗಿಡಕ್ಕೆ ಹಾಕ್ದೆ ಕಣ್ರೀ."

ಬಾಳೆಗಿಡ ಆ ವಾರವೇ ಸೊರಗಿತು. ಚಿಕ್ಕಪ್ಪ ಸೊರಗಲಿಲ್ಲ. ಹಬ್ಬ ಮುಗಿದ ಮರುದಿನವೇ ಇನ್ನೊಂದು ಸಮುದ್ರ ತಯಾರಾಯಿತು.

ರಜಾದಿನಗಳಲ್ಲಿ ಬಸ್ಸು ಹತ್ತಿ ಹಾಸನದ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದರು. ಅಲ್ಲಿ ಕಂಪ್ಯೂಟರಿನೊಳಗೆ ಇವರ ಸಮೀಕರಣಗಳ ಭೂಮಿ ಒಂದಿಷ್ಟು ಶತಮಾನ ತಿರುಗುವಷ್ಟರಲ್ಲಿ ಕರೆಂಟು ಕೈಕೊಡುತ್ತಿತ್ತು. "ಇನ್ ಸಂಜೆಗೇ ಬರಾದು ಸಾ, ಮನೇಗೋಗಿ," ಎನ್ನುತ್ತಿದ್ದ ಯಜಮಾನ. "ಬರ್ಲಿ ಬಿಡಪ್ಪ, ಮೊದಲಿಂದ ಶುರು ಮಾಡೋಣ," ಎಂದು ಇವರು ಬುತ್ತಿ ಬಿಚ್ಚುತ್ತಿದ್ದರು.

ಅಂತೂ ನಿವೃತ್ತಿಯ ವರ್ಷ ಮೈಸೂರಿನಲ್ಲಿ ಮೌಖಿಕ ಪರೀಕ್ಷೆ. ಚಿಕ್ಕಮ್ಮನನ್ನೂ ಹೊರಡಿಸಿದರು, ಜೊತೆಗೆ ನಾನು. ಇಂಗ್ಲಿಷಿನ ಪ್ರಶ್ನೆಗಳಿಗೆಲ್ಲ ಚಿಕ್ಕಪ್ಪ ಸಲೀಸಾಗಿ ಉತ್ತರಿಸಿದರು. ಕೊನೆಗೆ ಪರೀಕ್ಷಕರು ಕನ್ನಡಕ್ಕಿಳಿದು, "ಮೇಷ್ಟ್ರೇ, ನೀವು ಸಮುದ್ರ ನೋಡಿದೀರಾ?" ಎಂದರು.

"ಇಲ್ಲ ಸಾರ್."

ಇಡೀ ಕೋಣೆ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಪ್ಪ ಮಾತ್ರ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಚಿಕ್ಕಮ್ಮನತ್ತ ಕೈ ತೋರಿಸಿದರು.

"ಮದುವೆ ಹೊಸದರಲ್ಲಿ ಇವಳು ಸಮುದ್ರ ತೋರ್ಸಿ ಅಂದ್ಲು. ಡಾಕ್ಟರೇಟ್ ಮುಗೀಲಿ ಅಂದೆ. ಆಮೇಲೆ ಇವಳು ಕೇಳ್ಲೇ ಇಲ್ಲ. ಇವಳನ್ನ ಬಿಟ್ಟು ಒಬ್ನೇ ನೋಡೋಕೆ ಮನಸ್ಸಾಗ್ಲಿಲ್ಲ ಸಾರ್. ಇವತ್ತು ನೀವು ಹ್ಞೂಂ ಅಂದ್ರೆ ಇಲ್ಲಿಂದ ಸೀದಾ ಮಂಗಳೂರು ಬಸ್ಸು."

ಪರೀಕ್ಷಕರ ನಗು ನಿಂತಿತು. ಎದ್ದು ಬಂದು ಚಿಕ್ಕಪ್ಪನ ಕೈ ಹಿಡಿದುಕೊಂಡು, "ಹೋಗಿ ಬನ್ನಿ ಡಾಕ್ಟ್ರೇ," ಎಂದರು.

ಅಷ್ಟು ಹೊತ್ತು ಇಂಗ್ಲಿಷಿನ ಒಂದಕ್ಷರವೂ ತಿಳಿಯದೆ ಕೂತಿದ್ದ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು: "ರೀ, ಬದಲಾಯ್ಸೋಕೆ ಬಟ್ಟೆ ತಂದಿಲ್ವಲ್ರೀ."