ಪೆಟಿಗ್ರೂ ಚೆಂಡು ಹಿಡಿದಾಗ ನಾರ್ಬರ್ಟ್ ಎಲ್ಲಿದ್ದ?

ಎಲ್ಲಕ್ಕೂ ಮೂಲ ಹಿತ್ತಲಿನ ಹಿಮದಲ್ಲಿ ಹೂತಿಟ್ಟಿದ್ದ ಬಿಯರ್. ಕಳೆದ ವರ್ಷ ಸಾಯರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟವೊಂದು ಇನ್ನೇನು ಕೈಜಾರಿತು ಎನ್ನುವಾಗ ನಾರ್ಬರ್ಟ್ ಸೊಬೊಟಾ ಎರಡು ಬಾಟಲಿ ತರಲೆಂದು ಹಿತ್ತಲಿಗೆ ಹೋದ. ಅವನು ಮಂಡಿಯೂರಿ ಹಿಮ ಬಗೆಯುತ್ತಿರುವಾಗ ಒಳಗಿನಿಂದ ಮನೆಯ ಚಾವಣಿ ಹಾರಿಹೋಗುವಂಥ ಕೂಗೆದ್ದಿತು. ತಂಡಕ್ಕೆ ಆ ವರ್ಷವೇ ಸೇರಿದ್ದ ಕಾರ್ವಿನ್ ಪೆಟಿಗ್ರೂ ಎಂಬ ಹುಡುಗ ಕೊನೆಯ ಗೆರೆಯಾಚೆ ಚೆಂಡು ಹಿಡಿದು ಟಚ್‌ಡೌನ್ ಮಾಡಿದ್ದ. ನಾರ್ಬರ್ಟ್ ಓಡಿಬಂದಾಗ ಆಟ ನೋಡಲು ಸೇರಿದ್ದ ನೆರೆಹೊರೆಯವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಟಿವಿಯಲ್ಲಿ ಟೂತ್‌ಪೇಸ್ಟಿನ ಜಾಹೀರಾತು ಬರುತ್ತಿತ್ತು.

ಒಂದು ಸಲವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಆದರೆ ಅದಕ್ಕೂ ಹಿಂದೆ ಪೆಟಿಗ್ರೂ ಟಚ್‌ಡೌನ್ ಮಾಡಿದಾಗ ನಾರ್ಬರ್ಟ್ ಒಲೆಯ ಮೇಲಿನ ಸಾಸೇಜು ಮಗುಚುತ್ತಿದ್ದ. ಇನ್ನೊಮ್ಮೆ ಬಚ್ಚಲಲ್ಲಿದ್ದ. ಮತ್ತೊಮ್ಮೆ ಅತ್ತೆ ಫೋನ್ ಮಾಡಿ ತಮ್ಮ ಮೊಣಕಾಲಿನ ಸಮಾಚಾರ ಹೇಳುತ್ತಿದ್ದರು, ಅಳಿಯ ಮರ್ಯಾದೆಗಾಗಿ ಗೋಡೆಯತ್ತ ತಿರುಗಿ ನಿಂತಿದ್ದ. ಇವನ್ನೆಲ್ಲ ಸೇರಿಸಿ ಸಿದ್ಧಾಂತ ಮಾಡಿದವನು ಪಕ್ಕದ ಮನೆಯ ಡೆಲ್ಬರ್ಟ್. ಅವನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಹಂಚಲು ಕಾಗದಗಳಿಲ್ಲದ ಮೇಲೆ ಸುದ್ದಿಯನ್ನೇ ಹಂಚುತ್ತಿದ್ದ. ನಾರ್ಬರ್ಟನ ಕಣ್ಣು ಬಿದ್ದರೆ ಪೆಟಿಗ್ರೂ ಕೈಯಿಂದ ಚೆಂಡು ಜಾರುತ್ತದೆ ಎಂಬುದು ಪೋರ್ಟ್ ಆಲ್ಡರ್ ಊರಿಗೆಲ್ಲ ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಪಾಪ, ಆ ಬೀದಿಯಲ್ಲಿ ಪೆಟಿಗ್ರೂವನ್ನು ನಾರ್ಬರ್ಟನಷ್ಟು ಪ್ರೀತಿಸುವವರು ಇನ್ನೊಬ್ಬರಿರಲಿಲ್ಲ. ಹುಡುಗ ತಂಡಕ್ಕೆ ಬಂದ ದಿನವೇ, ಉಳಿದವರೆಲ್ಲ ಈ ಕಡ್ಡಿಯಂಥವನು ಏನು ಮಾಡಿಯಾನು ಎಂದು ನಗುತ್ತಿದ್ದಾಗ, ಇವನ ಕೈ ನೋಡಿ ಎಂದಿದ್ದವನು ಅವನೇ. ಚೀಸ್ ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ಕೆಲಸ ಅವನದು, ಕೈಗಳ ವಿಷಯದಲ್ಲಿ ಅವನಿಗೆ ತನ್ನದೇ ಅಭಿಪ್ರಾಯಗಳಿದ್ದವು. ಆ ಕೈ ಚೆಂಡನ್ನು ಹಿಡಿಯುವ ಗಳಿಗೆಯನ್ನು, ಅದು ನಡೆಯುವಾಗಲೇ, ಒಮ್ಮೆ ಕಣ್ಣಾರೆ ನೋಡಬೇಕೆಂಬುದೊಂದೇ ಅವನ ಆಸೆ. ಅದಕ್ಕಾಗಿ ಒಂದು ವ್ರತವನ್ನೂ ಹಿಡಿದಿದ್ದ. ಮತ್ತೆ ಮತ್ತೆ ತೋರಿಸುವ ಹಳೆಯ ತುಣುಕುಗಳನ್ನು ಅವನು ನೋಡುತ್ತಿರಲಿಲ್ಲ. ಅವು ಬಂದರೆ ಮುಖ ತಿರುಗಿಸಿಬಿಡುತ್ತಿದ್ದ. ಆರಿದ ಕಾಫಿಯನ್ನು ಬಿಸಿ ಮಾಡಿ ಕುಡಿಯುವವನು ನಾನಲ್ಲ ಎನ್ನುತ್ತಿದ್ದ.

ಈಗ ಬಂದದ್ದು ಪೆಟಿಗ್ರೂವಿನ ಎರಡನೆಯ ವರ್ಷ. ಮೊದಲ ವರ್ಷ ಹುಡುಗ ಏನು ಹಿಡಿದರೂ ಅದು ಊರಿಗೆ ಉಡುಗೊರೆ, ಎರಡನೆಯ ವರ್ಷ ಹಿಡಿದದ್ದೆಲ್ಲ ಬರೀ ಕರ್ತವ್ಯ. ಬೇಕರಿಯವನು ಅವನ ಅಂಗಿಯ ಸಂಖ್ಯೆ ಹದಿನಾಲ್ಕನ್ನು ಬನ್ನಿನ ಮೇಲೆ ಸಕ್ಕರೆಯಲ್ಲಿ ಬರೆದು ಮಾರಿದ. ಪಾದ್ರಿಗಳು ಅವನಿಗಾಗಿ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸಿದರು. ಈ ಸಲ ಟಚ್‌ಡೌನ್ ಹೋದ ವರ್ಷದ ಎರಡರಷ್ಟು ಎಂದು ಕೆಲವರು, ಮೂರರಷ್ಟು ಎಂದು ಡೆಲ್ಬರ್ಟ್. ಅದೇ ಜನ ಒಬ್ಬರೇ ಸಿಕ್ಕಾಗ, ಎರಡನೇ ವರ್ಷ ಮುಗ್ಗರಿಸಿದ ಹುಡುಗರ ಹೆಸರನ್ನು ಪಿಸುಮಾತಿನಲ್ಲಿ ನೆನೆಯುತ್ತಿದ್ದರು. ಊರಿಗೆ ಊರೇ ಹೆರಿಗೆ ಕೋಣೆಯ ಹೊರಗೆ ಶತಪಥ ಹಾಕುವ ಗಂಡನಂತಾಗಿತ್ತು.

ಹಾಗಾಗಿ ಶುಕ್ರವಾರ ಸಂಜೆ, ಎಲ್ಲರೂ ಮೀನು ತಿನ್ನಲು ಸೇರಿದ್ದಾಗ, ತೀರ್ಮಾನವಾಯಿತು. ಸೆಪ್ಟೆಂಬರಿನ ಮೊದಲ ಆಟವನ್ನು ಬೀದಿಯವರೆಲ್ಲ ನಾರ್ಬರ್ಟನ ಮನೆಯಲ್ಲಿ ನೋಡುವುದು, ಯಾಕೆಂದರೆ ಬೇಸಿಗೆಯಲ್ಲಿ ಅವನು ಗೋಡೆಯಗಲದ ಟಿವಿ ತಂದಿದ್ದ. ನಾರ್ಬರ್ಟ್ ಮಾತ್ರ ಮನೆಯಲ್ಲಿರಕೂಡದು.

"ನನ್ನ ಮನೆ, ನನ್ನ ಟಿವಿ" ಎಂದ ನಾರ್ಬರ್ಟ್.

"ಅದಕ್ಕೇ ಕಣಯ್ಯಾ ನಿನ್ನನ್ನ ಕೇಳ್ತಿರೋದು" ಎಂದ ಡೆಲ್ಬರ್ಟ್. "ಬೇರೆಯವರ ಮನೆ ಆಗಿದ್ರೆ ಹೇಳದೇನೇ ಬಾಗ್ಲು ಹಾಕ್ಕೋತಿದ್ವಿ."

ನಾರ್ಬರ್ಟ್ ಹೆಂಡತಿಯ ಮುಖ ನೋಡಿದ. ಲುಸಿಲ್ ಮದುವೆಯಾದಾಗಿನಿಂದ ಅವನ ಮಾತನ್ನು ತೆಗೆದುಹಾಕಿದವಳಲ್ಲ. ಈಗ ಮಾತ್ರ ಅವಳು ತಟ್ಟೆಯಲ್ಲಿದ್ದ ಮೀನಿನ ಮುಳ್ಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಪಾಪ, ಆ ಹುಡುಗನ ಭವಿಷ್ಯದ ಪ್ರಶ್ನೆ ಎಂದಳು.

ಭಾನುವಾರ ಮಧ್ಯಾಹ್ನ ಅವನ ಕೈಗೆ ಒಂದು ಫ್ಲಾಸ್ಕು, ಬ್ರೆಡ್ಡಿನ ಪೊಟ್ಟಣ ಕೊಟ್ಟು ಫೋನ್ ಕಸಿದುಕೊಂಡರು. ಕಾರಿನ ರೇಡಿಯೋ ಹಾಡದಂತೆ ಡೆಲ್ಬರ್ಟ್ ಅದರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ನಾರ್ಬರ್ಟನಿಗೆ ಹಿತ್ತಲಿನ ಶೆಡ್ಡು ಗೊತ್ತುಮಾಡಲಾಗಿತ್ತು. ಒಳಗೆ ಧಗೆ, ಅವನ ಅರ್ಧ ಚಡ್ಡಿಯೂ ಬೆವರಿನಲ್ಲಿ ಒದ್ದೆಯಾಯಿತು. ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತು ಎಷ್ಟು ಹೊತ್ತು ಇರಲು ಸಾಧ್ಯ? ಮೆಲ್ಲಗೆ ಹೊರಬಂದು, ಲುಸಿಲಳ ಹೂವಿನ ಪಾತಿಯಲ್ಲಿ ತುದಿಗಾಲಲ್ಲಿ ನಿಂತು, ಪರದೆಯ ಸಂದಿಯಿಂದ ತನ್ನದೇ ಮನೆಯೊಳಗೆ ಕಳ್ಳನಂತೆ ಇಣುಕಿದ. ಆಗಲೇ ಎಸೆತ ಬಂತು. ಚೆಂಡು ಪೆಟಿಗ್ರೂವಿನ ಎರಡೂ ಅಂಗೈಗೆ ಬಿತ್ತು, ಅಲ್ಲಿಂದ ಬೆಣ್ಣೆಯಂತೆ ಜಾರಿ ನೆಲಕ್ಕೆ ಹೋಯಿತು.

ಒಳಗಿನವರ ನರಳಾಟ ಮುಗಿಯುವ ಮೊದಲೇ ಡೆಲ್ಬರ್ಟ್ ಕಿಟಕಿ ತೆರೆದ. ತುಳಿತಕ್ಕೆ ಸಿಕ್ಕ ಹೂಗಿಡಗಳನ್ನೂ ಅವುಗಳ ನಡುವೆ ನಿಂತ ಗೆಳೆಯನನ್ನೂ ದುಃಖದಿಂದ ನೋಡಿದ. "ನಾರ್ಬ್, ಬೀದಿ ಬಿಟ್ಟು ಹೋಗಿಬಿಡು ಮಾರಾಯ" ಎಂದ, ಬೈಯುವ ದನಿಯಲ್ಲೂ ಅಲ್ಲ.

ನಾರ್ಬರ್ಟ್ ಕಾರು ಹತ್ತಿದ. ಆಟದ ದಿನ ಆ ಊರಿನ ಬೀದಿಗಳಲ್ಲಿ ನಾಯಿಗಳೂ ಇರುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಟಿವಿ ಇದೆಯೆಂದು ಅಲ್ಲಿಗೆ ಹೋದರೆ, ಗಲ್ಲಾದಲ್ಲಿದ್ದವನು ಅವನನ್ನು ಕಂಡ ಕೂಡಲೇ ಮೊಳೆಗೆ ನೇತುಹಾಕಿದ್ದ ಜಾಕೀಟು ತೆಗೆದು ಟಿವಿಗೆ ಹೊದಿಸಿ, ನೀವು ಡೆಲ್ಬರ್ಟ್ ಅವರ ಪಕ್ಕದ ಮನೆಯವರಲ್ಲವೇ ಎಂದು ಕೇಳಿದ. ಚರ್ಚಿನ ನೆಲಮಾಳಿಗೆಯಲ್ಲಿ ಪಾದ್ರಿಗಳು ಒಬ್ಬರೇ ಕೂತು ಆಟ ನೋಡುತ್ತಿದ್ದರು. ಅವರು ಎದ್ದುಬಂದು ನಾರ್ಬರ್ಟನ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲವರೆಗೂ ನಡೆಸಿಕೊಂಡು ಹೋದರು.

"ದೇವರು ಎಲ್ಲಾ ಕಡೇನೂ ಇದ್ದಾನಪ್ಪ" ಎಂದರು. "ನೀನು ಬೇರೆ ಎಲ್ಲಾದ್ರೂ ಹೋಗಿ ಅವನನ್ನ ಕಾಣು."

ಕೊನೆಗೆ ಉಳಿದದ್ದು ಸರೋವರದ ದಂಡೆಯಲ್ಲಿ ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಹಳೆಯದೊಂದು ಅಂಗಡಿ. ಸಾಲಾಗಿ ಯಂತ್ರಗಳು, ಮೂಲೆಯಲ್ಲಿ ಮೇಜಿನ ಮೇಲೊಂದು ಟಿವಿ. ಅದರ ಧ್ವನಿ ಎಂದೋ ಸತ್ತಿತ್ತು. ಟಿವಿಯ ಗಾಜಿನ ಮೇಲೆಲ್ಲ ಸೋಪಿನ ಪುಡಿ, ಬಟ್ಟೆಯ ನಾರು ಕೂತು ಬಿಳಿ ಬಿಳಿ ಚುಕ್ಕೆಗಳಾಗಿದ್ದವು. ಯಾರೂ ಇಲ್ಲವೆಂದು ನಾರ್ಬರ್ಟ್ ಉಸಿರುಬಿಟ್ಟ. ಆಗ ಯಂತ್ರದ ಹಿಂದಿನಿಂದ ಒಬ್ಬ ಕಪ್ಪು ಅಜ್ಜಿ ಎದ್ದಳು. ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು, ಟಿವಿಗೆ ಬೆನ್ನು ಮಾಡಿ, ಒದ್ದೆ ಪರದೆಗಳ ರಾಶಿಯನ್ನು ಹಿಂಡುತ್ತಿದ್ದಳು.

"ಮಗಾ, ನೀನು ಆಟ ನೋಡಕ್ಕೆ ಬಂದಿದ್ರೆ ನೋಡು. ನನಗೆ ಮಾತ್ರ ಏನಾಯ್ತು ಅಂತ ಹೇಳಬೇಡ."

ಅವಳು ಒಡೆಸ್ಸಾ ಪೆಟಿಗ್ರೂ, ಕಾರ್ವಿನ್‌ನ ಅಜ್ಜಿ. ಮೊದಲ ಆಟಕ್ಕೆಂದು ಮೊಮ್ಮಗ ಅಲಬಾಮಾದಿಂದ ಕರೆಸಿ, ಮೈದಾನದಲ್ಲಿ ಒಳ್ಳೆಯ ಆಸನ ಕೊಡಿಸಿದ್ದ. ಆದರೆ ಅವನು ಶಾಲೆಯಲ್ಲಿ ಆಡುತ್ತಿದ್ದಾಗಿನಿಂದಲೂ ಅವಳು ಕಣ್ಣು ಬಿಟ್ಟರೆ ಚೆಂಡು ಬೀಳುತ್ತಿತ್ತು. ಹಾಗಾಗಿ ಅವನು ಹಿಡಿದದ್ದನ್ನು ಒಂದು ಸಲವೂ ನೋಡಿದವಳಲ್ಲ, ಕಣ್ಣು ಮುಚ್ಚಿಯೇ ಸಾಕಿ ದೊಡ್ಡವನನ್ನಾಗಿ ಮಾಡಿದೆ ಎಂದಳು. ಮೊಮ್ಮಗನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತಂತೆ, ಆದರೆ ಅದರ ಎದುರಿಗೂ ಟಿವಿ ಇತ್ತಂತೆ. ಅದಕ್ಕೇ ಅವನ ಕಿಟಕಿಗಳ ಪರದೆಗಳನ್ನೆಲ್ಲ ಕಿತ್ತುಕೊಂಡು ಇಲ್ಲಿಗೆ ಬಂದಿದ್ದಳು.

ನಾರ್ಬರ್ಟ್ ತನ್ನ ಕತೆ ಹೇಳಿದ. ಹೂವಿನ ಪಾತಿಯವರೆಗೂ ಒಂದನ್ನೂ ಬಿಡದೆ ಹೇಳಿದ. ಅಜ್ಜಿ ನಗಲಿಲ್ಲ. ನಂಬಿದಳು, ಅದೇ ಅವನಿಗೆ ದೊಡ್ಡ ಸಮಾಧಾನವಾಯಿತು.

"ಹೋದ ವರ್ಷ ಅವನು ಹಸಿವು ಅಂತ ಫೋನ್ ಮಾಡ್ತಿದ್ದ" ಎಂದಳು. "ಈ ವರ್ಷ ನಿದ್ದೆ ಬರಲ್ಲ ಅಂತಾನೆ. ಬನ್ನು ಕೊಳ್ಳಕ್ಕೆ ಹೋದ್ರೆ ಅದರ ಮೇಲೂ ತನ್ನ ನಂಬರೇ ಇದೆ ಅಂತಾನೆ. ಎಲ್ಲರೂ ಒಳ್ಳೇವರು ಕಣಪ್ಪ, ಆದ್ರೆ ಅಷ್ಟೊಂದು ಜನದ ಒಳ್ಳೇತನ ಹೊತ್ಕೊಳ್ಳಕ್ಕೆ ಅವನಿಗೆ ಇರೋದು ಎರಡೇ ಕೈ."

ಹೋದ ಚಳಿಗಾಲದಿಂದ ನಾರ್ಬರ್ಟನಿಗೆ ತನ್ನ ಕಣ್ಣಿನದೇ ಚಿಂತೆ, ಆ ಹುಡುಗನ ನಿದ್ದೆಯ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಗೇ ಒಂದು ಉಪಾಯ ಹೊಳೆಯಿತು. ಎರಡು ಕೆಟ್ಟ ಕಣ್ಣು ಒಟ್ಟಿಗೆ ಬಿದ್ದರೆ ಒಂದನ್ನೊಂದು ತಿಂದುಹಾಕಲೂಬಹುದು. ಪರೀಕ್ಷಿಸಿ ನೋಡಿದವರು ಯಾರಿದ್ದಾರೆ? ಇಬ್ಬರೂ ಒದ್ದೆ ಪರದೆಯ ಒಂದೊಂದು ತುದಿ ಹಿಡಿದುಕೊಂಡು ಟಿವಿಯ ಮುಂದೆ ಕೂತರು. ಆಟ ಮುಗಿಯಲು ಬಂದಿತ್ತು, ಸಾಯರ್ಸ್ ಹಿಂದಿದ್ದರು. ಅಜ್ಜಿ ಮುಖ ಮುಚ್ಚಿದಳು, ಅವಳನ್ನು ಕಂಡು ನಾರ್ಬರ್ಟನೂ ಮುಚ್ಚಿದ. ಮೂರು ಎಣಿಸಿ ತೆಗೆಯೋಣ ಎಂದಳು ಅಜ್ಜಿ. ಎಣಿಸಿ ತೆಗೆದರು.

ಟಿವಿಯಲ್ಲಿ ಹದಿನಾಲ್ಕು ಸಂಖ್ಯೆಯ ಅಂಗಿ ಓಡುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರಿತ್ತು, ಗಾಜಿನ ಮೇಲಿನ ಬಿಳಿ ಚುಕ್ಕೆಗಳೆಲ್ಲ ತೇಲಾಡಿದಂತೆ ಕಾಣುತ್ತಿದ್ದವು. ಚೆಂಡು ಎತ್ತರದಲ್ಲಿ ಬಂತು, ಕೈಮೀರಿ ಹೋಯಿತು ಎನ್ನುವಷ್ಟರಲ್ಲಿ ಹುಡುಗ ಹಿಂದಕ್ಕೆ ಬಾಗಿ, ಒಂದೇ ಕೈ ಚಾಚಿ, ಮರದ ತುದಿಯ ಸೇಬು ಕೀಳುವಂತೆ ಅದನ್ನು ಕಿತ್ತುಕೊಂಡು ಗೆರೆಯಾಚೆ ಬಿದ್ದ.

ನಾರ್ಬರ್ಟ್ ನೋಡಿದ. ಕಣ್ಣಾರೆ ನೋಡಿದ. ಅಜ್ಜಿ ಅವನ ಕೊರಳಿಗೆ ಬಿದ್ದಳು, ಇಬ್ಬರೂ ಒದ್ದೆ ಪರದೆಯಲ್ಲಿ ಸುತ್ತಿಕೊಂಡು ಯಂತ್ರಗಳ ನಡುವೆ ಕುಣಿದರು. ಕುಣಿಯುತ್ತಿರುವಾಗಲೇ ದೂರದ ಮೈದಾನದಿಂದ ತೋಪಿನ ಸದ್ದು ಬಂತು. ಟಚ್‌ಡೌನ್ ಆದರೆ ತೋಪು ಹಾರಿಸುವುದು ಸಾಯರ್ಸ್ ಪದ್ಧತಿ. ಇಷ್ಟು ತಡವಾಗಿ ಹಾರಿಸಿದನಲ್ಲ, ತೋಪಿನವನು ತೂಕಡಿಸುತ್ತಿದ್ದನೋ ಏನೋ ಎಂದುಕೊಂಡು ನಾರ್ಬರ್ಟ್ ಅಜ್ಜಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಪರದೆಯ ತುದಿ ಟಿವಿಯ ತಂತಿಗೆ ಸಿಕ್ಕಿ ಪ್ಲಗ್ಗು ಕಿತ್ತುಬಂತು, ಟಿವಿ ಆರಿಹೋಯಿತು. ಹೋದರೆ ಹೋಗಲಿ, ಬೇಕಾದದ್ದನ್ನು ನೋಡಿಯಾಗಿತ್ತಲ್ಲ. ಪೀಚ್ ಹಣ್ಣಿನ ಕಡುಬು ಮಾಡಿದ ದಿನ ಕರೆಯುತ್ತೇನೆಂದು ಅಜ್ಜಿ ಅವನ ಮನೆಯ ಫೋನ್ ನಂಬರು ಕೇಳಿ ಪಡೆದಳು.

ಅವನು ಮನೆಗೆ ಬಂದಾಗ ಇಡೀ ಬೀದಿ ಅಂಗಳದಲ್ಲಿತ್ತು. ಸಾಯರ್ಸ್ ಗೆದ್ದಿದ್ದರು. ಇಡೀ ಆಟಕ್ಕೆ ಪೆಟಿಗ್ರೂವಿನದು ಒಂದೇ ಟಚ್‌ಡೌನ್, ಗೆಲ್ಲಿಸಿದ್ದೂ ಅದೇ. ಡೆಲ್ಬರ್ಟ್ ಓಡಿಬಂದು ನಾರ್ಬರ್ಟನನ್ನು ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು, ಕೈ ಕುಲುಕಿದ. ನೀನು ದೂರ ಹೋದದ್ದಕ್ಕೇ ಗೆದ್ದೆವು, ಊರು ನಿನ್ನ ತ್ಯಾಗವನ್ನು ಮರೆಯುವುದಿಲ್ಲ ಎಂದ.

ಜಾಣನಾಗಿದ್ದರೆ ನಾರ್ಬರ್ಟ್ ಬಾಯಿ ಮುಚ್ಚಿಕೊಂಡಿರುತ್ತಿದ್ದ.

"ನಾನು ನೋಡಿದೆ" ಎಂದ. "ಈ ಎರಡು ಕಣ್ಣಲ್ಲೇ ನೋಡಿದೆ. ಕಣ್ಣು ಬೀಳೋದು, ದೃಷ್ಟಿ ತಗಲೋದು, ಎಲ್ಲಾ ನಿಮ್ಮ ಭ್ರಮೆ. ಹಿಂದಕ್ಕೆ ಬಾಗಿ, ಒಂದೇ ಕೈಯಲ್ಲಿ ಹಿಡಿದನಲ್ಲ, ಉಸಿರು ಹೊಗೆ ಥರ ಬರ್ತಿತ್ತು ಅವನ ಬಾಯಿಂದ, ಆಹಾ."

ಡೆಲ್ಬರ್ಟ್ ಹಣೆಯ ಬೆವರು ಒರೆಸಿಕೊಂಡ. ಅಂಗಳದಲ್ಲಿ ಮಕ್ಕಳು ನೀರಿನ ಪೈಪು ಹಿಡಿದು ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಿದ್ದರು.

"ಹೊಗೆ?" ಎಂದ ಡೆಲ್ಬರ್ಟ್. "ಈ ಸೆಕೇಲಿ?"

ಲುಸಿಲ್ ಹತ್ತಿರ ಬಂದು ಗಂಡನ ತೋಳು ಹಿಡಿದಳು. ಕೆಟ್ಟ ಸುದ್ದಿ ಹೇಳುವಾಗ ಅವಳು ಹಾಗೆ ಹಿಡಿಯುತ್ತಿದ್ದಳು. "ಇವತ್ತು ಎರಡೂ ಕೈಯಲ್ಲಿ, ಎದೆ ಹತ್ರ, ಸುಮ್ಮನೆ ಹಿಡಿದ ಕಣೋ. ಅದಕ್ಕೆ ಮುಂಚೆ ಹೋದ ಡಿಸೆಂಬರಿಂದು ತೋರಿಸಿದ್ರು. ಹಿಮ ಬೀಳ್ತಿತ್ತಲ್ಲ, ಆ ದಿನದ್ದು. ನೀನು ಬಿಯರ್ ತರಕ್ಕೆ ಹೋಗಿದ್ಯಲ್ಲ, ಅದು."

ನಾರ್ಬರ್ಟ್ ಮೆಟ್ಟಿಲ ಮೇಲೆ ಕೂತುಬಿಟ್ಟ. ನೋಡಬೇಕಾದದ್ದನ್ನು ನೋಡಲಿಲ್ಲ. ನೋಡೆನೆಂದು ವ್ರತ ಹಿಡಿದಿದ್ದ ಆರಿದ ಕಾಫಿಯನ್ನು ಗಟಗಟನೆ ಕುಡಿದು ಬಂದಿದ್ದ.

"ಹಾಗಾದ್ರೆ ನಿಜವಾದ್ದು ಆದಾಗ ನೀನೇನು ಮಾಡ್ತಿದ್ದೆ?" ಡೆಲ್ಬರ್ಟ್ ವೈದ್ಯನಂತೆ ಮೃದುವಾಗಿ ಕೇಳಿದ.

"ಅವನ ಅಜ್ಜಿ ಜೊತೆ ಕುಣೀತಿದ್ದೆ. ಟಿವಿಗೆ ಬೆನ್ನು ಹಾಕಿ. ಪರದೆ ಸುತ್ಕೊಂಡು."

ಡೆಲ್ಬರ್ಟನ ಮುಖ ನಿಧಾನವಾಗಿ ಬೆಳಗಿತು. ಕತ್ತಲಾದರೂ ಬೀದಿಯವರು ಕದಲಿರಲಿಲ್ಲ, ಆಗ ಒಳಗೆ ಫೋನ್ ಸದ್ದಾಯಿತು. ಕಡುಬಿನ ಕರೆಯಿರಬೇಕೆಂದು ನಾರ್ಬರ್ಟ್ ಆಸೆಯಿಂದ ಎದ್ದುಹೋಗಿ ಎತ್ತಿಕೊಂಡ. ಅತ್ತ ಕಡೆ ಒಡೆಸ್ಸಾ ಅಜ್ಜಿಯೇ ಇದ್ದಳು. ಅವಳಿಗೂ ವಿಷಯ ತಿಳಿದಿತ್ತು.

"ಮಗಾ" ಎಂದಳು. "ನಮ್ಮ ಕಾರ್ವಿನ್‌ಗೆ ಎಲ್ಲಾ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕ. ಎಷ್ಟು ದಿನ ಆಗಿತ್ತೋ ಅವನು ಹಾಗೆ ನಕ್ಕು. ಊಟ ಮಾಡಿದ, ಆಗಲೇ ಮಲಗಿಬಿಟ್ಟಿದ್ದಾನೆ. ಮಲಗೋ ಮುಂಚೆ ಒಂದು ಮಾತು ಕೇಳ್ಕೊಂಡ. ಅಲ್ಲಿ ನೀವಿಬ್ಬರೂ ಏನು ಮಾಡಿದ್ರೋ ಅದನ್ನೇ ಪ್ರತೀ ಭಾನುವಾರ ಮಾಡಬೇಕಂತೆ, ವರ್ಷಪೂರ್ತಿ. ನಾನು ಹೂಂ ಅಂದುಬಿಟ್ಟೆ. ನಮ್ಮ ಪರದೆ ಒಗೆದು ಮುಗೀತು, ಮುಂದಿನ ವಾರ ನಿಮ್ಮ ಮನೇದು ತಾ."

ಆ ಹುಡುಗನಿಗೆ ಇಲ್ಲವೆನ್ನುವುದು ನಾರ್ಬರ್ಟನಿಂದ ಆಗುವ ಕೆಲಸವಲ್ಲ. ಆಗಲಿ ಅಮ್ಮ ಎಂದು ಫೋನಿಟ್ಟು ತಿರುಗಿದ. ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಬೀದಿಯವರೆಲ್ಲ ದಾರಿ ಬಿಟ್ಟರು. ಲುಸಿಲ್ ಆಗಲೇ ಕುರ್ಚಿ ಹತ್ತಿ ಗೋಡೆಯಗಲದ ಟಿವಿಯ ಪಕ್ಕದ ಕಿಟಕಿಯಿಂದ ಪರದೆ ಬಿಚ್ಚುತ್ತಿದ್ದಳು.

"ಅವು ಮೊನ್ನೆ ತಾನೇ ಒಗೆದದ್ದು" ಎಂದ ನಾರ್ಬರ್ಟ್.

"ಕೊಳೆ ಮಾಡಿಕೊಡ್ತೀವಿ ಬಿಡು" ಎಂದು ಡೆಲ್ಬರ್ಟ್ ಸಾಸೇಜಿನ ಎಣ್ಣೆ ಹತ್ತಿದ ಕೈಯಿಂದಲೇ ಇನ್ನೊಂದು ತುದಿ ಹಿಡಿದ.